ಹಡಗಿನಣ್ಣ ನಕಲು ಮಾಡಿದ ಪಾಠಗಳು

ಕಳೆದ ತಿಂಗಳು ಅತ್ತಾವರದ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಗೆಂದು ಕೂತಿದ್ದೆ. ನರ್ಸ್ ಹುಡುಗಿ ಸ್ಪಿರಿಟ್ ಅದ್ದಿದ ಹತ್ತಿಯಿಂದ ನನ್ನ ತೋಳು ಒರೆಸಿದಳು. ಮೂಗಿನೊಳಗೆ ತಣ್ಣಗೆ ಚುಚ್ಚುವ ಆ ವಾಸನೆ ಬಂದದ್ದೇ ತಡ, ಎದುರಿಗಿದ್ದ ಬಿಳಿ ಗೋಡೆ ಎಲ್ಲೋ ಹೋಯಿತು. ಅಲ್ಲಿ ಒಂದು ನೀಲಿ ಪರದೆ, ಅದರ ಹಿಂದೆ ಭಾನುವಾರ ಮಧ್ಯಾಹ್ನದ ಬಿಸಿಲು, ಬಂದರಿನ ಕಡೆಯಿಂದ ಬರುವ ಒಣಮೀನಿನ ಘಾಟು, ಮೇಜಿನ ಮೇಲೆ ಬಗ್ಗಿ ಹತ್ತಿಯಲ್ಲಿ ಫ್ಲಾಪಿ ಒರೆಸುತ್ತಿರುವ ಹಡಗಿನಣ್ಣ... ಸೂಜಿ ಚುಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ. "ಆಯ್ತು ಆಂಟಿ, ಕೈ ಮಡಚಿ ಹಿಡ್ಕೊಳ್ಳಿ" ಎಂದು ಆ ಹುಡುಗಿ ಮತ್ತೆ ಮತ್ತೆ ಹೇಳಬೇಕಾಯಿತು.

ಹಡಗಿನಣ್ಣ ಎಂದರೆ ನಮ್ಮ ಓಣಿಯವರು. ನನಗೆ ಸಂಬಂಧದಲ್ಲಿ ಏನೂ ಅಲ್ಲ. ಇಡೀ ಓಣಿ ಹಾಗೆ ಕರೆಯುತ್ತಿತ್ತು, ನಾನೂ ಕರೆದೆ. ಊರಲ್ಲಿ ಗದ್ದೆ, ತೋಟ ಎಲ್ಲ ಇದ್ದ ಮನೆತನ ಅವರದು. ಅದನ್ನು ತಮ್ಮಂದಿರ ಕೈಗೆ ಬಿಟ್ಟು ಹಡಗು ಹತ್ತಿ, ರೇಡಿಯೋ ಆಫೀಸರ್ ಆಗಿ ಎಪ್ಪತ್ತರ ದಶಕವನ್ನೆಲ್ಲ ಸಮುದ್ರದ ಮೇಲೆ ಕಳೆದವರು. ಹೆಡ್‌ಫೋನ್ ಹಾಕಿಕೊಂಡು, ಎಲ್ಲೆಲ್ಲಿಂದಲೋ ಬರುವ ಕಟ್ಟು-ಕಡ ಎಂಬ ಮೋರ್ಸ್ ಸಂಕೇತಗಳನ್ನು ಕೇಳಿ ಅಕ್ಷರಕ್ಕೆ ಇಳಿಸುವುದು ಅವರ ಕೆಲಸವಾಗಿತ್ತು. ಕಿವಿಯಿಂದಲೇ ಅನ್ನ ಸಂಪಾದಿಸಿದ ಆ ಮನುಷ್ಯನ ಒಬ್ಬಳೇ ಮಗಳಿಗೆ ಕೂಸಾಗಿದ್ದಾಗ ಬಂದ ಜ್ವರದಲ್ಲಿ ಕಿವಿ ಹೋಯಿತು. ದೇವರಿಗೆ ಬೇರೆ ಮನೆ ಸಿಗಲಿಲ್ಲವೇ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಎಂಬತ್ತರ ದಶಕ ಶುರುವಾದ ಮೇಲೆ, ಮಗಳು ಶಾಲೆಗೆ ಹೋಗುವ ವಯಸ್ಸಿಗೆ ಬಂದಾಗ, ಅವರು ಹಡಗು ಬಿಟ್ಟು ಮನೆಗೆ ಬಂದರು. ಬರುವಾಗ ಬೇರೆಯವರೆಲ್ಲ ಟೇಪ್ ರೆಕಾರ್ಡರ್, ಮಿಕ್ಸಿ, ಸೀರೆ ತರುತ್ತಿದ್ದ ಕಾಲ. ಇವರು ಒಂದು ಕಂಪ್ಯೂಟರ್ ತಂದರು. ಕೀಬೋರ್ಡಿನ ಹೊಟ್ಟೆಯೊಳಗೇ ಮಿಷನ್ ಇರುವ ಪುಟ್ಟ ಜಾತಿಯದು. ಮನೆಯ ಟಿ.ವಿ.ಗೆ ಜೋಡಿಸಬೇಕು, ಪಕ್ಕದ ಡಬ್ಬಿಗೆ ಚೌಕಾಕಾರದ ತೆಳು ಫ್ಲಾಪಿ ತೂರಿಸಬೇಕು. ಊರಲ್ಲಿ ಅಂಥದ್ದು ಇನ್ನೊಂದು ಇರಲಿಲ್ಲ. ಓಣಿಯ ಗಂಡಸರು ಬಂದು ನೋಡಿ, ಇದರಲ್ಲಿ ಸಿನಿಮಾ ಬರುವುದಿಲ್ಲವೆಂದು ಗೊತ್ತಾದ ಮೇಲೆ ಕಾಫಿ ಕುಡಿದು ಹೋದರು.

ಅದರಲ್ಲಿ ಅವರು ಮಗಳಿಗೆ ಪಾಠ ಬರೆದು ಫ್ಲಾಪಿಗಳಲ್ಲಿ ಉಳಿಸಿದರು. ಪರದೆಯ ಮೇಲೆ ಯಾರೋ ಕಾಣದ ಕೈ ಬರೆದ ಹಾಗೆ ಅಕ್ಷರ ನಿಧಾನವಾಗಿ ಸುತ್ತಿಕೊಂಡು ಬರುತ್ತಿತ್ತು. ಆಮೇಲೆ ಚಿತ್ರ, ಅದರ ಕೆಳಗೆ ಶಬ್ದ. ಚಿತ್ರಗಳೆಲ್ಲ ಮನೆಯಲ್ಲಿ ಕಣ್ಣಿಗೆ ಬೀಳುವಂಥವು. ತ ಎಂದರೆ ತೆಂಗಿನಕಾಯಿ, ಬ ಎಂದರೆ ಬಂಗುಡೆ ಮೀನು. ಮಗು ಗುಂಡಿ ಒತ್ತಿದಷ್ಟು ಸಲವೂ ಅದು ಬೇಸರವಿಲ್ಲದೆ ಮತ್ತೆ ಬರೆದು ತೋರಿಸುತ್ತಿತ್ತು. ತುಟಿ ನೋಡಿ ಮಾತು ತಿಳಿಯುವ ಮಗುವಿಗೆ ಎರಡು ಭಾಷೆ ಗೊಂದಲ ಎಂದು ಯಾರೋ ಹೇಳಿದ್ದಕ್ಕೆ, ಆ ಮನೆಯಲ್ಲಿ ತುಳುವನ್ನೇ ಬಿಟ್ಟು ಕನ್ನಡ ಮಾತಾಡುತ್ತಿದ್ದರು. ಹಡಗಿನಣ್ಣನ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಒಂದು ಬೆಳಿಗ್ಗೆ ಅಕ್ಕ ಪಾಗಾರದ ಗೋಡೆಯ ಆಚೆಯಿಂದ ನನ್ನನ್ನು ಕರೆದರು. "ನನ್ನ ಮಗಳು ಪೇಪರಿನಲ್ಲಿ ಮಳೆ ಅಂತ ಓದಿದ್ಳು ಮಾರಾಯ್ತಿ. ಅವಳೇ ಓದಿದ್ದು, ನಾವು ಹೇಳಿದ್ದಲ್ಲ." ಇಷ್ಟು ಹೇಳಿ ಅಲ್ಲೇ ನಿಂತು ಅತ್ತರು.

ಮುಂದಿನದ್ದು ಆಯುಧ ಪೂಜೆಯ ದಿನದ ಕಥೆ. ಅಕ್ಕ ಆ ಕಂಪ್ಯೂಟರನ್ನು ಒರೆಸಿ ದೀಪದ ಮುಂದೆ ಇಟ್ಟರು. ಫ್ಲಾಪಿಗಳನ್ನೂ ಕಾಗದದ ಲಕೋಟೆಯಿಂದ ಒಂದೊಂದಾಗಿ ಹೊರಗೆ ತೆಗೆದು, ಎಲ್ಲದಕ್ಕೂ ಗಂಧ ಹಚ್ಚಿ, ಕುಂಕುಮ ಇಟ್ಟು, ಮೇಲೊಂದು ಸೇವಂತಿಗೆ ಎಸಳು. ಆಮೇಲೆ ನನ್ನ ಹತ್ತಿರ ಹೇಳಿದ್ದರು, "ಬಸ್ಸಿಗೆ ಇಡ್ತಾರೆ, ಹೊಲಿಗೆ ಮಿಷನಿಗೆ ಇಡ್ತಾರೆ. ನನ್ನ ಮಗಳಿಗೆ ಅಕ್ಷರ ಕೊಟ್ಟದ್ದಕ್ಕೆ ಇಡದೆ ಇರ್ಲಿಕ್ಕೆ ಆಗ್ತದಾ?" ಆಗುವುದಿಲ್ಲ, ನಾನಾದರೂ ಇಡುತ್ತಿದ್ದೆ. ಆದರೆ ಫ್ಲಾಪಿಯ ಹೊರಕವಚದಲ್ಲಿ ಒಂದು ಉದ್ದನೆಯ ಕಿಂಡಿ ಇರುತ್ತದೆ. ಒಳಗಿನ ಕಪ್ಪು ತಟ್ಟೆಯನ್ನು ಮಿಷನ್ ಆ ಕಿಂಡಿಯಿಂದಲೇ ಓದುವುದು. ಕುಂಕುಮದ ಪುಡಿ ಅದರೊಳಗೆ ಇಳಿದಿತ್ತು.

ಮರುದಿನ ಅಪ್ಪ ಪೇಟೆಗೆ ಹೋದಾಗ ಮಗು ತಾನೇ ಪಾಠ ಹಾಕಿಕೊಂಡಿತು. ಒಳಗಿನಿಂದ ಕರಕರ ಸದ್ದು ಬಂದಿರಬೇಕು. ಅದು ಆ ಮಗುವಿಗೆ ಕೇಳುವುದು ಹೇಗೆ? ಅಕ್ಕನಿಗೆ ಕೇಳಿತು, ಮಿಷನಿನ ಸ್ವಭಾವವೇ ಹಾಗೆ ಎಂದುಕೊಂಡರು. ಒಂದು ಓದಲಿಲ್ಲವೆಂದು ಮಗು ಇನ್ನೊಂದು ಹಾಕಿತು, ಅದೂ ಆಗಲಿಲ್ಲವೆಂದು ಮತ್ತೊಂದು. ಹಡಗಿನಣ್ಣ ಬಂದು ಡಬ್ಬಿ ಬಿಚ್ಚಿ ನೋಡಿದಾಗ ಒಳಗೆಲ್ಲ ಕೆಂಪು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಾನೇ ಹಾಳು ಮಾಡಿದ್ದಾ?" ಎಂದು ಕೇಳಿದರಂತೆ. ಅವರು ತಲೆ ಎತ್ತದೆ, "ಎಂತ ಇಲ್ಲ, ಸ್ವಲ್ಪ ಧೂಳು" ಎಂದರಂತೆ. ಅಕ್ಕ ಅದನ್ನು ನಂಬಲಿಲ್ಲ. ಅಂದಿನಿಂದ ಅವರು ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಹಡಗಿನಣ್ಣ ಹೇಳಿದಾಗಲೇ ನನಗೆ ವಿಷಯದ ತೂಕ ತಿಳಿದದ್ದು.

ಅವರು ನನ್ನಲ್ಲಿಗೆ ಬರಲು ಕಾರಣವಿತ್ತು. ಬಂದರಿಗೆ ಇಳಿಯುವ ರಸ್ತೆಯಲ್ಲಿ, ಒಣಮೆಣಸಿನ ಗೋದಾಮಿನ ಮೇಲಿದ್ದ ಒಂದು ಕಂಪ್ಯೂಟರ್ ತರಗತಿಯಲ್ಲಿ ನಾನು ಪಾಠ ಹೇಳುತ್ತಿದ್ದೆ. "ಭಾನುವಾರ ನಿಮ್ಮ ಮಿಷನ್ ಖಾಲಿ ಉಂಟಾ?" ಎಂದು ಕೇಳಿದರು. ನಾನು ದೊಡ್ಡ ತಿಳಿದವಳಂತೆ, "ನಿಮ್ಮದು ಬೇರೆ ಜಾತಿ, ನಮ್ಮದು ಬೇರೆ ಜಾತಿ. ನಿಮ್ಮ ಫ್ಲಾಪಿ ನಮ್ಮದಕ್ಕೆ ತಲೆಬುಡ ಅರ್ಥ ಆಗ್ಲಿಕ್ಕಿಲ್ಲ" ಎಂದೆ. ಅವರು ನಕ್ಕರು. ತಮ್ಮ ಮಿಷನ್ ಓದುವುದು, ಒಂದು ತಂತಿಯಲ್ಲಿ ಕಳಿಸುವುದು, ನಮ್ಮದು ಅರ್ಥ ಮಾಡಿಕೊಳ್ಳದೆ ಸುಮ್ಮನೆ ಬರೆದಿಟ್ಟುಕೊಳ್ಳುವುದು, ಹಾಗೆ ಒಂದೊಂದು ಫ್ಲಾಪಿಯೂ ಇದ್ದದ್ದು ಇದ್ದ ಹಾಗೇ ನಮ್ಮ ಮಿಷನಿನಲ್ಲಿ ಒಂದೊಂದು ದೊಡ್ಡ ಫೈಲ್ ಆಗುವುದು, ಇದು ಅವರ ಲೆಕ್ಕಾಚಾರ. ಅವರ ಮಿಷನಿಗೆ ಉಪ್ಪುಗಾಳಿ ಹಿಡಿದಿತ್ತು, ಗುಂಡಿಗಳು ಕಚ್ಚುತ್ತಿದ್ದವು, ಬಿಡಿಭಾಗ ಸಿಗುವ ಮಾತೇ ಇಲ್ಲ. ಅದು ಕಣ್ಣು ಮುಚ್ಚುವ ಮೊದಲು ಪಾಠಗಳನ್ನು ಬೇರೆ ಕಡೆಗೆ ಸಾಗಿಸಬೇಕಿತ್ತು.

ಆ ಭಾನುವಾರಗಳು ಈಗ ನೆನೆದರೆ ನೀರಿನೊಳಗೆ ನಡೆದಂತೆ ಅನಿಸುತ್ತವೆ... ಅಪ್ಪನ ತೊಡೆಯ ಮೇಲೆ ಟಿ.ವಿ., ಮಗಳ ತೊಡೆಯ ಮೇಲೆ ಕಂಪ್ಯೂಟರ್, ಹಾಗೆ ರಿಕ್ಷಾದಲ್ಲಿ ಬಂದು ಇಳಿಯುತ್ತಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವುದು ಆಗಿನ ಕ್ರಮ. ಕಿಟಕಿಯ ನೀಲಿ ಪರದೆ ಎಳೆದರೆ ಕೋಣೆ ಇಡೀ ನೀಲಿ. ಹಡಗಿನಣ್ಣ ಬ್ಲೇಡಿನಿಂದ ಫ್ಲಾಪಿಯ ಕವಚದ ಅಂಚು ಕತ್ತರಿಸಿ, ಒಳಗಿನ ಕಪ್ಪು ತಟ್ಟೆಯನ್ನು ಹಪ್ಪಳ ಎತ್ತುವಷ್ಟು ನಾಜೂಕಾಗಿ ಹೊರತೆಗೆದು, ಸ್ಪಿರಿಟ್ಟಿನ ಹತ್ತಿಯಿಂದ ಒರೆಸುತ್ತಿದ್ದರು. ಹತ್ತಿ ಕೆಂಪಾಗುತ್ತಿತ್ತು. ಆಮೇಲೆ ತಟ್ಟೆಯನ್ನು ಹೊಸ ಕವಚಕ್ಕೆ ಸೇರಿಸಿ ಓದಲು ಹಾಕುವುದು. ನಮ್ಮ ಪರದೆಯ ಮೇಲೆ ಅಂಕಿಗಳು ಮೇಲಕ್ಕೆ ಸರಿಯುತ್ತ ಹೋಗುತ್ತಿದ್ದವು. ಕೆಳಗಿನ ಗೋದಾಮಿನಿಂದ ಮೆಣಸಿನ ಘಾಟು ಬಂದು ಮೂವರೂ ಸೀನುತ್ತಿದ್ದೆವು. ಹೊರಗೆ ಎಲ್ಲೋ ದೋಣಿಯ ಇಂಜಿನ್ ಸದ್ದು...

ಮಗು ಒಂದು ಅಂಗೈಯನ್ನು ಓದುವ ಡಬ್ಬಿಯ ಮೇಲೆ ಇಟ್ಟುಕೊಂಡೇ ಇರುತ್ತಿತ್ತು. ಒಳಗೆ ತಟ್ಟೆ ತಿರುಗುವುದು ಅದರ ಕೈಗೆ ಗೊತ್ತಾಗುತ್ತಿತ್ತು. ಓದು ಎಲ್ಲಾದರೂ ತಡವರಿಸಿದರೆ, ನಮ್ಮ ಪರದೆ ಹೇಳುವ ಮೊದಲೇ ಅದು ಅಪ್ಪನ ಮುಖ ನೋಡುತ್ತಿತ್ತು. ಕೇಳದೆ ಹೋದ ಆ ಕರಕರ ಸದ್ದಿಗೆ ಅದು ತನ್ನನ್ನೇ ಬೈದುಕೊಳ್ಳುತ್ತಿತ್ತೋ ಏನೋ, ನಾನು ಕೇಳಲಿಲ್ಲ.

ನನ್ನದು ಮೊದಲಿನಿಂದಲೂ ಅವಸರದ ಬುದ್ಧಿ. ಪಾಠ ಇರುವ ಜಾಗ ಮಾತ್ರ ತೆಗೆದರೆ ಸಾಲದೇ, ಖಾಲಿ ಜಾಗವನ್ನೂ ಯಾಕೆ ನಕಲು ಮಾಡುವುದು ಎಂದು ಜಗಳಕ್ಕೆ ನಿಂತೆ. "ಯಾವುದು ಖಾಲಿ ಅಂತ ಈಗಲೇ ಹೇಳ್ಲಿಕ್ಕೆ ನಾವು ಯಾರು? ಇದ್ದ ಹಾಗೆ ಬರ್ಲಿ" ಎಂದರು. ಹೆಚ್ಚಿನ ಪಾಠಗಳು ಸರಿಯಾಗಿಯೇ ಬಂದವು. ಆದರೆ ಒಂದು ತಟ್ಟೆಯಲ್ಲಿ ಕುಂಕುಮ ಆಳವಾಗಿ ಗೀರಿತ್ತು. ಎಷ್ಟು ಒರೆಸಿದರೂ ಒಂದು ಕಡೆ ಓದು ನಿಲ್ಲುತ್ತಿತ್ತು. ಬ ಅಕ್ಷರದ ಪಾಠ, ಅದರಲ್ಲಿ ಬಂಗುಡೆಯ ಚಿತ್ರದ ನಡುಭಾಗ ಹೋಗಿಬಿಟ್ಟಿತ್ತು. "ಹೋದರೆ ಹೋಗ್ಲಿ, ಬಂಗುಡೆಯ ಹೊಟ್ಟೆ ನಿಮಗೆ ಗೊತ್ತಿಲ್ವಾ? ಇನ್ನೊಮ್ಮೆ ಬಿಡಿಸಿ ಸೇರಿಸಿ" ಎಂದೆ.

ಹಡಗಿನಣ್ಣ ತಲೆ ಅಲ್ಲಾಡಿಸಿದರು. "ಹಡಗಿನಲ್ಲಿ ಕೇಳದ ಅಕ್ಷರವನ್ನು ಊಹೆ ಮಾಡಿ ಬರೀಲಿಕ್ಕಿಲ್ಲ. ಕೇಳ್ಲಿಲ್ಲ ಅಂತ ಗುರುತು ಹಾಕಿ ಮುಂದೆ ಹೋಗುದು. ಊಹೆ ಮಾಡಿದ್ರೆ ಹಡಗು ಬಂಡೆಗೆ ಹೋಗ್ತದೆ." ಹಾಗೆ ಹೇಳಿ, ಓದಲಾಗದ ಜಾಗಕ್ಕೆಲ್ಲ ಒಂದೇ ಗುರುತು ತುಂಬಿಸಿ ನಕಲು ಮುಗಿಸಿದರು. ಈ ಫೈಲುಗಳನ್ನು ನಮ್ಮ ಮಿಷನ್ ತೋರಿಸುವುದೂ ಇಲ್ಲವಲ್ಲ, ಇಟ್ಟು ಏನು ಮಾಡುವುದು ಎಂದು ಆಗ ಕೇಳಿದೆ. "ಮುಂದೆ ಯಾರಾದ್ರೂ ಈ ಮಿಷನಿನ ವೇಷ ಹಾಕುವ ಇನ್ನೊಂದು ಮಿಷನ್ ಮಾಡ್ತಾರೆ. ಆಗ ಇದು ಕುಣೀತದೆ" ಎಂದರು. ಯಕ್ಷಗಾನ ಜಾಸ್ತಿಯಾಯಿತು ನಿಮಗೆ ಎಂದು ನಾನು ಗೇಲಿ ಮಾಡಿದೆ.

ಕೆಲಸ ಮುಗಿದ ದಿನ ಮೆಟ್ಟಿಲು ಇಳಿಯುವಾಗ ಅವರು ನಿಂತರು. "ಮನೆಯಲ್ಲಿ ಎಲ್ಲ ಸರಿ ಬಂತು ಅಂತ ಹೇಳುವ, ಆಯ್ತಾ?" ಎಂದು ನನಗೆ ಹೇಳಿ, ಮಗಳ ಕಡೆ ತಿರುಗಿ, ತುಟಿ ಕಾಣುವಂತೆ ಅದನ್ನೇ ಇನ್ನೊಮ್ಮೆ ಹೇಳಿದರು. ಮನೆಗೆ ಹೋದ ಮೇಲೆ ಅಕ್ಕನ ಎದುರು ನಿಂತು, "ಒಂದು ಚುಕ್ಕೆ ಸಹ ಹೋಗ್ಲಿಲ್ಲ" ಎಂದರು. ಕೇಳದ ಒಂದಕ್ಷರ ಊಹಿಸಲು ಒಪ್ಪದ ಮನುಷ್ಯ ಎಷ್ಟು ಸಲೀಸಾಗಿ ಸುಳ್ಳು ಹೇಳಿದರು ಎಂದು ನಾನು ಬಾಯಿ ಬಿಟ್ಟು ನೋಡಿದೆ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗಿ ನೀರುದೋಸೆಗೆ ಕಾವಲಿ ಇಟ್ಟರು. ಆ ದಿನ ಅವರು ನಮ್ಮ ಜೊತೆಗೇ ಕೂತು ತಿಂದರು.

ಮುಂದೆ ಸ್ವಲ್ಪ ಸಮಯಕ್ಕೆ ಆ ಕಂಪ್ಯೂಟರ್ ಸತ್ತಿತು. ಅಷ್ಟರಲ್ಲಿ ಮಗು ಪುಸ್ತಕ ಹಿಡಿದಿತ್ತು. ಉಳಿದ ಪಾಠಗಳನ್ನು ಹಡಗಿನಣ್ಣ ರಟ್ಟಿನ ಮೇಲೆ ಕೈಯಲ್ಲೇ ಬಿಡಿಸಿ ಕಲಿಸಿದರು. ನಾನು ಮದುವೆಯಾಗಿ ಓಣಿ ಬಿಟ್ಟೆ. ಹಳೆಯ ಉಪ್ಪಿನಕಾಯಿಯನ್ನು ಭರಣಿಯಿಂದ ಭರಣಿಗೆ ಹಾಕಿದ ಹಾಗೆ ಅವರು ಆ ಫೈಲುಗಳನ್ನು ನಮ್ಮ ಮಿಷನಿನ ಫ್ಲಾಪಿಯಿಂದ ಸಿ.ಡಿ.ಗೆ, ಸಿ.ಡಿ.ಯಿಂದ ಪೆನ್‌ಡ್ರೈವಿಗೆ ಬದಲಿಸುತ್ತಲೇ ಬಂದರಂತೆ. ಎಲ್ಲಾದರೂ ಮದುವೆಯಲ್ಲಿ ಸಿಕ್ಕಿದರೆ, "ಪಾಠ ಉಂಟು, ಹೋಗ್ಲಿಲ್ಲ" ಎನ್ನುತ್ತಿದ್ದರು. ಕೆಲವು ವರ್ಷಗಳ ಹಿಂದೆ ಅವರೇ ಹೋದರು...

ಆಸ್ಪತ್ರೆಯಿಂದ ಬಂದವಳು ಅವರ ಮಗಳಿಗೆ ವಾಟ್ಸಾಪ್ ಮಾಡಿದೆ. ಅವಳಿಗೂ ಈಗ ತಲೆಕೂದಲು ನೆರೆತಿದೆ. ಕೆಲಸದಲ್ಲಿದ್ದಾಳೆ, ಕಾಟಿಪಳ್ಳದಲ್ಲಿ ಮನೆ ಮಾಡಿ ಅಮ್ಮನನ್ನು ಜೊತೆಗಿಟ್ಟುಕೊಂಡಿದ್ದಾಳೆ. ಕೂಡಲೇ ಉತ್ತರ ಬಂತು. ಹಳೆಯ ಮಿಷನಿನಂತೆಯೇ ವರ್ತಿಸುವ ಒಂದು ಪ್ರೋಗ್ರಾಂ ಸಿಕ್ಕಿದೆ, ಅಪ್ಪನ ಪಾಠ ಓಡುತ್ತದೆ, ಅಮ್ಮನಿಗೆ ಇನ್ನೂ ತೋರಿಸಿಲ್ಲ, ನೀವೂ ಬನ್ನಿ ಎಂದು. ಕಳೆದ ಭಾನುವಾರ ಹೋದೆ.

ಲ್ಯಾಪ್‌ಟಾಪಿನ ಮುಂದೆ ಅಕ್ಕನನ್ನು ಕೂರಿಸಿದಳು. ಕಪ್ಪು ಪರದೆಯ ಮೇಲೆ ಅಕ್ಷರ ನಿಧಾನವಾಗಿ, ಅದೇ ಕಾಣದ ಕೈ ಬರೆದಂತೆ, ಸುತ್ತಿಕೊಂಡು ಬಂತು. ನನ್ನ ಮೈ ಜುಂ ಎಂದಿತು. ಅಕ್ಕ ಒಂದೊಂದು ಚಿತ್ರಕ್ಕೂ ಹೆಸರು ಹೇಳುತ್ತ ಹೋದರು, ಮಗು ಅವರೇ ಎಂಬ ಹಾಗೆ. ಆಮೇಲೆ ಬ ಬಂತು. ಬಂಗುಡೆಯ ತಲೆ ಬಂತು, ಬಾಲ ಬಂತು. ನಡುವೆ ಬರೀ ಅಡ್ಡಗೆರೆಗಳು.

"ಇದೆಂತ, ಬಂಗುಡೆಗೆ ನಡು ಇಲ್ಲ?" ಎಂದರು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, ದನಿ ತೀರಾ ತಗ್ಗಿಸಿ, "ನನ್ನ ಕುಂಕುಮದ್ದಾ?" ಎಂದು ಕೇಳಿದರು. ತುಟಿ ನೋಡಿ ತಿಳಿಯುವವಳ ಎದುರು ದನಿ ತಗ್ಗಿಸಿ ಏನು ಪ್ರಯೋಜನ? ಇಷ್ಟು ವರ್ಷ ಅದನ್ನು ಎದೆಯಲ್ಲಿ ಹೊತ್ತುಕೊಂಡೇ ಇದ್ದರು ಎಂದು ನನಗೆ ಆಗ ಅರ್ಥವಾಯಿತು.

ಮಗಳು ಅಮ್ಮನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಏರಿಳಿತವಿಲ್ಲದ ತನ್ನ ದನಿಯಲ್ಲಿ, ಒಂದೊಂದೇ ಶಬ್ದ ಜೋಡಿಸಿ ಹೇಳಿದಳು, "ಅಪ್ಪ ಮಾಡಿದ್ದೇ ಹಾಗೆ. ನಡುವಿನ ತುಂಡು ನನಗೆ."

ಅಕ್ಕ ಪರದೆಯ ಮೇಲಿನ ತಲೆಯನ್ನೂ ಬಾಲವನ್ನೂ ಇನ್ನೊಮ್ಮೆ ನೋಡಿದರು. ಆಮೇಲೆ ನಗು ಬಂತು ಅವರಿಗೆ. "ಹೌದು ಮಾರಾಯ್ತಿ" ಎಂದರು ನನಗೆ. "ಬಟ್ಟಲಿಗೆ ಹಾಕುವಾಗ ನಡುವಿನ ತುಂಡು ಯಾವಾಗ್ಲೂ ಇವಳಿಗೇ. ನನಗೆ ತಲೆ, ಅವರಿಗೆ ಬಾಲ. ಒಂದು ದಿನ ಸಹ ತಪ್ಪಿಸ್ಲಿಲ್ಲ." ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ಇಳಿಯಿತು. ನನಗೂ ತಡೆಯಲಾಗಲಿಲ್ಲ. ಹಡಗಿನಣ್ಣ ಆ ಕೋಣೆಯಲ್ಲಿ ಇರಬೇಕಿತ್ತು ಎಂದು ಎಷ್ಟು ಆಸೆಯಾಯಿತೆಂದರೆ, ಬಾಗಿಲ ಕಡೆ ಒಮ್ಮೆ ತಿರುಗಿಯೂ ನೋಡಿದೆ.

"ಇನ್ನೊಮ್ಮೆ ತೋರಿಸು" ಎಂದರು ಅಕ್ಕ. ಮಗಳು ಗುಂಡಿ ಒತ್ತಿದಳು.