ಇಲಿ ತಿನ್ನುವವನು, ಕೋತಿ ತಿನ್ನುವವನು

ಲುವಾಂಗ್ವಾ ನದಿಯ ಕಾಡಿನಲ್ಲಿ ಹತ್ತೊಂಬತ್ತು ವರ್ಷ ಕೋವಿ ಹೊತ್ತ ಜೆಬ್ರೋನ್ ಜೆರೆಗೆ ಗುರಿಗಿಂತ ನಾಲಿಗೆಯೇ ಚುರುಕು. ಹಕ್ಕಿ ನೋಡಲು ಬಂದವರಿಗೆ ದಾರಿ ತೋರಿಸುವವನು ಚಿಲೆಷೆ. ಅವರನ್ನೆಲ್ಲ ಕಾಯುವವನು ಜೆಬ್ರೋನ್. ಇವನು ಎಂಗೋನಿ, ಅವನು ಬೆಂಬಾ. ಇಬ್ಬರ ಮುತ್ತಜ್ಜಂದಿರೂ ಈಟಿಯಿಂದ ತಿವಿದಾಡಿಕೊಂಡು ಸತ್ತವರು. ಮರಿಮಕ್ಕಳ ಪಾಲಿಗೆ ಬಂದದ್ದು ಬೈಗುಳ ಮಾತ್ರ: ಎಂಗೋನಿ ಇಲಿ ತಿನ್ನುವವನು, ಬೆಂಬಾ ಕೋತಿ ತಿನ್ನುವವನು. ಈ ಎರಡು ಕುಲದವರು ಎದುರಾದರೆ ಭಾವಮೈದುನರಂತೆ ಕಾಲೆಳೆಯಲೇಬೇಕು, ಏನಂದರೂ ಸಿಟ್ಟಾಗುವಂತಿಲ್ಲ. ಹೆಣದ ಮುಂದೆಯೂ ಅದಕ್ಕೆ ವಿನಾಯಿತಿಯಿಲ್ಲ.

ಆ ಅಕ್ಟೋಬರ್ ಬೆಳಗ್ಗೆ ಅವರ ಹಿಂದೆ ಇದ್ದವರು ಒಬ್ಬ ಮುದುಕ, ಒಬ್ಬಳು ಮುದುಕಿ, ಎರಡು ದುರ್ಬೀನು. ಚಹಾಕ್ಕೆ ನಿಂತಾಗ ಚಿಲೆಷೆ ಪೊದೆಯ ಮರೆಗೆ ಹೋದ.

“ಭಾವ, ಕೋಣ! ಓಡು!” ಎಂದು ಜೆಬ್ರೋನ್ ಕೂಗಿದ.

ಚಿಲೆಷೆ ಪ್ಯಾಂಟು ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದ. ಹಿಂದೆ ಕಾಡುಕೋಣವೂ ಇಲ್ಲ, ಕರುವೂ ಇಲ್ಲ.

“ಇಲಿ ತಿನ್ನೋ ನನ್ಮಗ್ನೆ! ಇನ್ನೊಂದ್ಸಲ ಕೋಣ ಅಂದ್ರೆ ಆ ಕೋವಿನೇ ನಿನ್ಗೆ ತಿನ್ನಿಸ್ತೀನಿ!”

“ಇಷ್ಟು ವರ್ಷ ಕೋತಿ ತಿಂದಿದೀಯಲ್ಲ ಭಾವ, ಮರ ಹತ್ತೋದಾದ್ರೂ ಕಲ್ತಿದೀಯಾ ಅಂತ ನೋಡ್ದೆ.”

ಮುದುಕಿಗೂ ನಗು ತಡೆಯಲಾಗಲಿಲ್ಲ.

ಬಿಸಿಲೇರುವ ಹೊತ್ತಿಗೆ ನದಿಯ ದಂಡೆ ಸೇರಿದರು. ಮಣ್ಣಿನ ಗೋಡೆಯ ತುಂಬ ಗೂಡು, ಗೂಡಿನ ತುಂಬ ಕೆಂಪು ಕಳ್ಳಿಪೀರ ಹಕ್ಕಿ. ಚಿಲೆಷೆ ಮೊಣಕಾಲೂರಿ, ದುರ್ಬೀನಿನಲ್ಲಿ ಮುಳುಗಿಹೋದ. ಅವನ ಆಚೆಗಿದ್ದ ಮುಳ್ಳುಪೊದೆಯಿಂದ ಎರಡು ಹಕ್ಕಿಗಳು ಕಿರ್ರೆಂದು ಮೇಲೆದ್ದವು. ದನದ ಮೈಮೇಲಿನ ಉಣ್ಣೆಹುಳ ಹೆಕ್ಕುವ ಜಾತಿಯ ಹಕ್ಕಿ. ಅದು ಎದ್ದ ಜಾಗದಲ್ಲಿ ಒಂದು ಮೈ ಇರಲೇಬೇಕು. ಗಾಳಿಯಲ್ಲಿ ಕೊಳೆತ ಗಾಯದ ವಾಸನೆಯೂ ಬಂತು.

“ಭಾವ, ಕೋಣ! ಹಿಂದಕ್ಕೆ ಬಾ!”

ಚಿಲೆಷೆ ದುರ್ಬೀನು ಇಳಿಸಲೇ ಇಲ್ಲ. “ಹೌದೌದು. ನಿಮ್ಮತ್ತೆನೂ ಅದರ ಜೊತೇಲಿದಾಳಾ ನೋಡು.”

“ಆಣೆಗೂ ಕಣೋ!”

ಅವನ ಭುಜ ನಗುವಿನಿಂದ ಕುಲುಕಿತು. ಪೊದೆ ಸೀಳಿಕೊಂಡು ಕೋಣ ನುಗ್ಗಿತು. ಯಾರೋ ಕಳ್ಳಬೇಟೆಯವನು ಒಡ್ಡಿದ ತಂತಿಯ ಉರುಲು ಕೋಣದ ಕಾಲನ್ನು ಎಲುಬಿನವರೆಗೂ ಕೊಯ್ದಿತ್ತು. ಆ ನೋವು ಅದರ ತಲೆಗೇರಿತ್ತು. ಗುಂಡು ಹಾರಿಸೋಣವೆಂದರೆ ನಡುವೆ ಚಿಲೆಷೆ. ಕೊಂಬು ಅವನ ಪಕ್ಕೆಯೊಳಗೆ ಇಳಿದು, ಆಳನ್ನು ಆಳೆತ್ತರಕ್ಕೆ ಎಸೆಯಿತು. ಕೋಣ ಬಿದ್ದವನ ಮೇಲೆ ಮಂಡಿಯೂರಿ, ಹಣೆಯಿಂದ ನೆಲಕ್ಕೆ ಅರೆಯಿತು. ಜೆಬ್ರೋನನ ಮೊದಲ ಗುಂಡು ಕೊಂಬಿನ ಬುಡಕ್ಕೆ ತಾಗಿ ಸಿಡಿದುಹೋಯಿತು. ಎರಡನೆಯದು ಭುಜಕ್ಕೆ. ಕೋಣ ಅವನ ಕಡೆ ತಿರುಗಿತು. ಮೂರನೆಯದನ್ನು ನಾಲ್ಕು ಮಾರು ದೂರದಿಂದ ಕುತ್ತಿಗೆಗೆ ಹೊಡೆದ. ಕೋಣ ಕುಸಿದು ಸತ್ತಿತು. ಜೆಬ್ರೋನನಿಗೆ ಅದು ಸಾಲಲಿಲ್ಲ. ಸತ್ತ ಮುಖಕ್ಕೆ ಇನ್ನೆರಡು ಗುಂಡು ಹೊಡೆದು, ಬೂಟುಗಾಲಲ್ಲಿ ಒದೆಯುತ್ತ ಹೋದ. ಮುದುಕಿ ಬಂದು ತೋಳು ಹಿಡಿದ ಮೇಲೆಯೇ ನಿಂತ.

ಚಿಲೆಷೆಯ ಕರುಳು ಮರಳಿನ ಮೇಲಿತ್ತು. ಜೆಬ್ರೋನ್ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ.

“ಭಾವ... ನಿಜ್ವಾಗ್ಲೂ ಇತ್ತಾ?”

“ಇತ್ತು ಕಣೋ.”

ಅಷ್ಟೇ. ಚಿಲೆಷೆಯ ಉಸಿರು ನಿಂತಿತು.

ಮೂರನೇ ದಿನ ಮಣ್ಣು. ಬೆಂಬಾ ಸತ್ತರೆ ಎಂಗೋನಿ ಭಾವಂದಿರು ಗುಂಡಿಗಿಳಿದು, ಸತ್ತವನನ್ನು ಅಣಕಿಸಿ, ಅಳುವವರನ್ನು ನಗಿಸಬೇಕು. ಜೆಬ್ರೋನನಿಗೆ ಬೇಕಾಗಿದ್ದುದು ಒಂದೇ: ಚಿಲೆಷೆಯ ಹೆಂಡತಿ ಕಸುಬಾಗೆ ನಿಜ ಗೊತ್ತಾಗಬೇಕು, ಅವಳು ಕೆನ್ನೆಗೆ ಬಾರಿಸಬೇಕು. ಎರಡು ದಿನ ಅವಳ ಬಾಗಿಲವರೆಗೆ ಹೋಗಿ ಹೆದರಿ ಹಿಂದಿರುಗಿದ್ದ.

“ಸುಮ್ನೆ ನಿಂತ್ರೆ ಹೆಂಗೆ ಭಾವ? ನಿನ್ ಕೆಲ್ಸ ಮಾಡು” ಎಂದಳು ಕಸುಬಾ.

ಜೆಬ್ರೋನ್ ಗುಂಡಿಗೆ ಹಾರಿದ. “ಇವನನ್ನ ಕೊಂದಿದ್ದು ಕೋಣ ಅಲ್ಲ, ನಾನು!” ಎಂದು ಎದೆ ಬಡಿದುಕೊಂಡ. “ಬೆಳಗ್ಗೆ ಸುಳ್ಳುಸುಳ್ಳೇ ಕೋಣ ಅಂತ ಕೂಗ್ದೆ. ಅದಕ್ಕೇ ಆಮೇಲೆ ನಂಬ್ಲಿಲ್ಲ! ಹೊಡೀರೋ ನನ್ನ! ಇಲ್ಲೇ ಹೂತಾಕ್ರೋ!”

ಜನ ಗೊಳ್ಳೆಂದು ನಕ್ಕರು. “ನೋಡ್ರೋ, ಇಲಿ ತಿನ್ನೋನಿಗೆ ಕಣ್ಣೀರೂ ಬರುತ್ತೆ!” ಎಂದ ಒಬ್ಬ.

“ಆಟ ಅಲ್ಲ ಕಣ್ರೋ!” ಎಂದು ಜೆಬ್ರೋನ್ ಅರಚಿದ. ನಗು ಇನ್ನೂ ಜೋರಾಯಿತು.

ಕಸುಬಾ ಕೂಡ, ಮೂರು ದಿನದಲ್ಲಿ ಮೊದಲ ಸಲ, ನಕ್ಕಳು. ಸುತ್ತಿದ ಬಟ್ಟೆಯ ಅಂಚಿನಿಂದ ಕಣ್ಣೊರೆಸಿಕೊಂಡು ಬಗ್ಗಿ ಕೈ ಚಾಚಿದಳು.

“ಸಾಕು ಬಾ ಭಾವ. ಚೆನ್ನಾಗ್ ಆಡ್ದೆ.”

ಜೆಬ್ರೋನ್ ಆ ಕೈ ಹಿಡಿದು ಮೇಲೆ ಹತ್ತಿದ.