ಆಂಜನೇಯನ ಬಲಗಡೆ

ನಮ್ಮಣ್ಣ ಅಳೋದರಲ್ಲಿ ಎತ್ತಿದ ಕೈ. ನನ್ನ ಎರಡೂ ಕಿಡ್ನಿ ಕೈಕೊಟ್ಟಿವೆ ಅಂತ ಡಾಕ್ಟರು ಹೇಳಿದ ದಿನ ಜಯನಗರದ ಆಸ್ಪತ್ರೆ ಲಿಫ್ಟಿನಲ್ಲೇ ಬಿಕ್ಕಿ ಬಿಕ್ಕಿ ಅತ್ತ. ಅವನನ್ನ ಸಮಾಧಾನ ಮಾಡೋ ಕೆಲಸ ನನ್ನ ತಲೆಗೇ ಬಿತ್ತು. ನಾಟಕ ಅಂತೀರಾ? ಅಲ್ಲ. ಚಿಕ್ಕಂದಿನಲ್ಲಿ ನನಗೆ ಜ್ವರ ಬಂದರೆ ತಾನು ಊಟ ಬಿಡ್ತಿದ್ದವನು ಅವನು. ನನ್ನ ಗಂಡನಿಗೆ ಶುಗರ್, ಅವರದು ಆಗಲ್ಲ ಅಂದಾಗ ಅಣ್ಣನೇ ಮುಂದೆ ಬಂದು, ತನ್ನದೊಂದು ಕೊಡ್ತೀನಿ ಅಂದ. ಟೆಸ್ಟೂ ಮಾಡಿಸಿಕೊಂಡ. ಹೊಂದುತ್ತೆ ಅಂತ ರಿಪೋರ್ಟ್ ಬಂದ ಮೇಲೆ ಅವನ ದನಿ ಸಣ್ಣಗಾಯ್ತು.

ನಮ್ಮ ಮನೇಲಿ ದೊಡ್ಡ ಕೆಲಸ ಏನೇ ಇರಲಿ, ಉತ್ತರಹಳ್ಳಿ ರಸ್ತೆ ಕಡೆ ಇರೋ ಪುಟ್ಟ ಆಂಜನೇಯನ ಗುಡಿಯಲ್ಲಿ ಹೂ ಪ್ರಸಾದ ಕೇಳೋದು ರೂಢಿ. ದೇವರ ಮೈಮೇಲೆ ಹೂ ಇಟ್ಟು ಬೇಡ್ಕೊಂಡು ಕಾಯ್ತೀವಿ. ಬಲಕ್ಕೆ ಬಿದ್ದರೆ ಸರಿ, ಎಡಕ್ಕೆ ಬಿದ್ದರೆ ಬೇಡ. ಇದಕ್ಕೂ ಒಂದು ಸಲ ಕೇಳಿಬಿಡೋಣ ಅಂದರು ಅತ್ತಿಗೆ. ಅಣ್ಣ ಕಾಯ್ತಾ ಇದ್ದೋನ ಹಾಗೆ ಒಪ್ಪಿಕೊಂಡ. ನನ್ನ ಪ್ರಾಣ ಹೋಗಿ ಒಂದು ಸೇವಂತಿಗೆ ಮೇಲೆ ಕೂತಿತು.

ಹೂ ಬಿತ್ತು. "ಸ್ವಾಮಿ ಬಲಗಡೆ ಕೊಟ್ಟಿದ್ದಾನೆ, ಒಳ್ಳೇದಾಗುತ್ತೆ" ಅಂದರು ಅರ್ಚಕರು. ಬದುಕಿಕೊಂಡೆ ಅಂತ ಕೈ ಮುಗಿದೆ.

ಅಣ್ಣ ಕಣ್ಣೊರೆಸಿಕೊಂಡ. "ಅದು ದೇವರ ಬಲ, ಸ್ವಾಮಿ. ನಮ್ಮನೇಲಿ ಎದುರಿಗೆ ನಿಂತವರ ಬಲ ನೋಡೋದು. ನಮಗೆ ಎಡಕ್ಕೆ ಬಿದ್ದಿದೆ."

ನಿಮ್ಮನೆ ಪದ್ಧತಿ ನನಗೇನಪ್ಪ ಗೊತ್ತು ಅಂತ ಅರ್ಚಕರು ಮಂಗಳಾರತಿ ತಟ್ಟೆ ಹಿಡಿದು ಬೇರೆಯವರ ಕಡೆ ಹೋದರು. ದೇವರೇ ಬೇಡ ಅಂದಮೇಲೆ ನಾವೇನು ಮಾಡೋಕಾಗುತ್ತೆ ಅಂತ ಅತ್ತಿಗೆ ನನ್ನ ಬೆನ್ನು ಸವರಿದರು. ಹೊಸಕೆರೆಹಳ್ಳಿ ಬರೋ ತನಕ ಅಣ್ಣ ಆಟೋದಲ್ಲಿ ಅಳ್ತಾನೇ ಇದ್ದ. ಹಾಳಾದ್ದು, ಅದೂ ನಿಜವಾದ ಅಳುವೇ.

ಈಗ ನನಗೆ ಬನಶಂಕರಿಯಲ್ಲಿ ಡಯಾಲಿಸಿಸ್. ಅಣ್ಣ ಪ್ರತಿ ಸಲ ಮನೆಯಿಂದ ಬಿಸಿ ಇಡ್ಲಿ ತರ್ತಾನೆ, ಪೈಪಿನಲ್ಲಿ ಓಡೋ ರಕ್ತ ನೋಡಿ ಅಳ್ತಾನೆ. ಇಂಥ ಅಣ್ಣ ಯಾರಿಗಿದ್ದಾರೆ ಆಂಟಿ ಅಂತಾಳೆ ನರ್ಸ್ ಹುಡುಗಿ. ಅಳೋ ಗಂಡಸನ್ನ ನಂಬಬೇಡ, ನಗೋ ಹೆಂಗಸನ್ನ ನಂಬಬೇಡ ಅಂತ ಗಾದೆ ಇದೆಯಲ್ಲ, ಮೊನ್ನೆ ನಾನೂ ನಗ್ತಾ ಕೇಳಿದೆ.

"ಅಣ್ಣ, ನಿನ್ನ ಮಗಳ ಸಂಬಂಧಕ್ಕೆ ಅದೇ ಗುಡೀಲಿ ಕೇಳಿದ್ವಲ್ಲ, ಹೂ ಯಾವ ಕಡೆ ಬಿದ್ದಿತ್ತು?"

ಅವತ್ತೂ ಬಿದ್ದಿದ್ದು ಅದೇ ಕಡೆಗೆ. ದೇವರ ಬಲ, ಆಯ್ತು ಅಂತ ಅಲ್ಲೇ ಎಲ್ಲರಿಗೂ ಸಕ್ಕರೆ ಹಂಚಿದವನು ಇವನೇ. ಒಳ್ಳೇ ವರ ಕೈತಪ್ಪೀತು ಅನ್ನೋ ಆತುರ ಅವನಿಗೆ. ಆಗ ನಮ್ಮನೇಲಿ ಎದುರಿಗೆ ನಿಂತವರ ಬಲ ಅನ್ನೋದು ಇನ್ನೂ ಹುಟ್ಟಿರಲಿಲ್ಲ.

ನಲ್ಲಿ ತಿರುಗಿಸಿದ ಹಾಗೆ ಅಳು ನಿಂತಿತು. ಡಬ್ಬಿ ಮುಚ್ಚಳ ತೆಗೆದು ನನ್ನ ಮುಂದಿಟ್ಟ.

"ಇಡ್ಲಿ ತಣ್ಣಗಾಗುತ್ತೆ, ತಿನ್ನು" ಅಂದ.

ತಿಂದೆ. ಮೆತ್ತಗೆ ಚೆನ್ನಾಗಿತ್ತು. ಆಮೇಲಿಂದ ಅವನು ಬಂದಾಗಲೆಲ್ಲ ಅದನ್ನೇ ಕೇಳ್ತೀನಿ, ಅವನ ಮುಖ ಕಪ್ಪಿಡೋದು ನೋಡಿದರೆ ಹೊಟ್ಟೆ ತಣ್ಣಗಾಗುತ್ತೆ. ಬರೀ ಸ್ವಾರ್ಥಿ ಆಗಿದ್ದಿದ್ದರೆ ಎಂದೋ ಬರೋದು ಬಿಡ್ತಿದ್ದ, ನಾನೂ ಶಾಪ ಹಾಕಿ ಹಾಯಾಗಿರ್ತಿದ್ದೆ. ಬರ್ತಾನೆ. ಅಳ್ತಾನೆ, ತಿನ್ನಿಸ್ತಾನೆ. ಕಿಡ್ನಿ ಮಾತ್ರ ಕೊಡಲ್ಲ.