ಪಿಶಾಚಿಗೆ ಇಟ್ಟ ಜೇಬು

ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಕಾಲಿಂಚು ಎಂದೇ. ಪ್ಯಾಂಟು ಹೊಲಿಯುವುದರಲ್ಲೇ ಮೂವತ್ತು ವರ್ಷ ಸವೆಸಿದ ಟೈಲರ್. ಮದುವೆ ಮನೆಗೆ ಹೋದರೆ ವರನ ಮುಖ ನೋಡುತ್ತಿರಲಿಲ್ಲ, ಅವನ ಕೋಟಿನ ಭುಜ ನೋಡುತ್ತಿದ್ದ. "ಎಡಗಡೆ ಕಾಲಿಂಚು ಇಳಿದಿದೆ" ಎಂದು ವರನ ಅಪ್ಪನಿಗೇ ಕೇಳುವ ಹಾಗೆ ಹೇಳಿ ಊಟಕ್ಕೆ ಕೂರುತ್ತಿದ್ದ. ಬ್ಯಾಂಕ್ ಮ್ಯಾನೇಜರ್ ಬರಲಿ, ಹೆಡ್‌ಮಾಸ್ಟರ್ ಬರಲಿ, ಅಂಗಡಿ ಮೆಟ್ಟಿಲು ಹತ್ತುವಷ್ಟರಲ್ಲಿ ಅವರ ಬಟ್ಟೆಯ ಹೊಲಿಗೆಯಲ್ಲಿ ನಾಲ್ಕು ತಪ್ಪು ಹುಡುಕಿ ಮೂಗು ಮುರಿದಾಗಿರುತ್ತಿತ್ತು. ಅವನಿಗಿದ್ದ ಗರ್ವದಲ್ಲಿ ಅರ್ಧ ಕಸುಬಿನಿಂದ ಬಂದದ್ದು, ಅದನ್ನು ಒಪ್ಪೋಣ. ಉಳಿದರ್ಧ ಬರೀ ಕೊಬ್ಬು.

ಈ ಕೊಬ್ಬಿಗೆ ತಕ್ಕ ಶಿಕ್ಷೆಯಾಗಿ ಅವನಿಗೊಬ್ಬ ಭಾಮೈದ ಗಂಟುಬಿದ್ದಿದ್ದ. ಹೆಂಡತಿಯ ಒಬ್ಬನೇ ತಮ್ಮ, ಮಾಡುತ್ತಿದ್ದದ್ದು ಸಿನಿಮಾ. ಅದನ್ನು ಸಿನಿಮಾ ಅನ್ನಬಹುದಾದರೆ. ಹನ್ನೊಂದು ದಿನಕ್ಕೆ ಒಂದು ಪಿಶಾಚಿ ಪಿಕ್ಚರ್ ಮುಗಿಸಿ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದ. ಅವನ ಸಿನಿಮಾದಲ್ಲಿ ಒಂದೇ ಬಾಗಿಲು ಬೆಳಗ್ಗೆ ಆಸ್ಪತ್ರೆಯದು, ಮಧ್ಯಾಹ್ನ ಪೊಲೀಸ್ ಠಾಣೆಯದು. ಬದಲಾಗುತ್ತಿದ್ದದ್ದು ಮೇಲಿನ ಬೋರ್ಡು ಮಾತ್ರ. ಸತ್ತು ಬಿದ್ದವರ ಹೊಟ್ಟೆ ನಿರಾಳವಾಗಿ ಮೇಲೆ ಕೆಳಗೆ ಆಡುತ್ತಿತ್ತು. ನಾಯಕಿ ಕತ್ತಲಲ್ಲಿ ಓಡಲು ಶುರುಮಾಡಿದರೆ ಗೇಟು ದಾಟುವಷ್ಟರಲ್ಲಿ ಬಿಸಿಲು ಬಂದಿರುತ್ತಿತ್ತು. ಒಂದು ಸಿನಿಮಾದ ಪ್ರೇತ ಬಾವಿಯಿಂದ ಮೇಲೆದ್ದು ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿತ್ತು. ಇಷ್ಟಾದರೂ ಜನ ಮುಗಿಬಿದ್ದು ನೋಡುತ್ತಿದ್ದರಲ್ಲ, ಅದು ಕಾಲಿಂಚುವಿಗೆ ಸಹಿಸಲಾಗದ ಸಂಗತಿ.

"ಭಾವ, ಒಂದು ಪಿಶಾಚಿ ಹೊಲಿದುಕೊಡಿ" ಎಂದು ಭಾಮೈದ ಬಂದಾಗ ಅವನು ಕತ್ತರಿಯನ್ನು ಕೆಳಗಿಡಲೂ ಇಲ್ಲ.

"ನಿನ್ನ ಕಸಕ್ಕೆ ನನ್ನ ಕೈ ಬೇಕೇನೋ? ಗೋಣಿಚೀಲ ಸುತ್ತು, ಸಾಕು."

"ಹೋದ ಸಲ ಅದನ್ನೇ ಸುತ್ತಿದ್ದೆ ಭಾವ. ಅರ್ಧದಲ್ಲೇ ಬಿಚ್ಕೊಂಡು ಬಿತ್ತು."

ಹೆಂಡತಿ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು. ಅವಳು ಏನೂ ಹೇಳದೆ ನಿಂತರೆ ಎರಡು ದಿನ ಮನೆಯಲ್ಲಿ ಪಾತ್ರೆಗಳೇ ಮಾತಾಡುತ್ತವೆ ಎಂಬುದು ಅವನಿಗೆ ಅನುಭವದಿಂದ ಗೊತ್ತಿತ್ತು. ಟೇಪು ತೆಗೆದುಕೊಂಡ.

ಪಿಶಾಚಿಯ ವೇಷ ಹಾಕುವವನು ಸಿನಿಮಾ ತಂಡದ ವ್ಯಾನಿನ ಡ್ರೈವರ್. ಅವನ ಅಳತೆ ಎರಡೆರಡು ಸಲ ತೆಗೆದ. ಕೊಳದಿಂದ ಎದ್ದು ಬರುವ ಪಿಶಾಚಿಯಾದ್ದರಿಂದ ದಪ್ಪ ಹಸಿರು ಬಟ್ಟೆ, ಒಳಗೆ ಲೈನಿಂಗು, ಬೆನ್ನಿನ ಜಿಪ್ಪು ಕಾಣದಂತೆ ಮೇಲೊಂದು ಪಟ್ಟಿ. ಮೈತುಂಬ ನೇತಾಡುವ ಪಾಚಿಯ ಎಳೆಗಳನ್ನೂ ಒಂದೊಂದಾಗಿ ಅಂಚು ಮಡಚಿ ಹೊಲಿದ. ಕಸಕ್ಕೆ ಇಷ್ಟು ಸಾಕು ಎಂದು ದಿನವೂ ಗೊಣಗುತ್ತಿದ್ದವನು ಎಂಟು ದಿನ ಅದರಲ್ಲೇ ಮುಳುಗಿದ್ದ. ಬೇಕಾಬಿಟ್ಟಿ ಹೊಲಿಯುವುದು ಅವನಿಗೆ ಬರುತ್ತಿರಲಿಲ್ಲ, ಅಷ್ಟೇ.

ಸಿನಿಮಾ ಬಿಡುಗಡೆಯಾದ ದಿನ ಮ್ಯಾಟಿನಿಗೆ ಹೆಂಡತಿಯ ಜೊತೆ ಹೋದ. ಪರದೆಯ ಮೇಲೆ 'ವಸ್ತ್ರ: ಕಾಲಿಂಚು' ಎಂದು ಬಂದಾಗ ಮುಖ ಗಂಟು ಹಾಕಿಕೊಂಡೇ ಒಳಗೊಳಗೆ ಹಿಗ್ಗಿದ. ಕೊಳದಿಂದ ಪಿಶಾಚಿ ಎದ್ದಿತು. ಭುಜ ಅಚ್ಚುಕಟ್ಟಾಗಿ ಕೂತಿತ್ತು. ನಾಯಕಿ ಬರುವುದನ್ನು ಕಾಯುತ್ತಾ ಅದು ಮರದ ಹಿಂದೆ ನಿಂತಿತು. ನಿಂತು, ಬಸ್ಸು ತಡವಾದಾಗ ನಾವೆಲ್ಲ ನಿಲ್ಲುವ ಹಾಗೆ, ಎಡಗೈಯನ್ನು ಜೇಬಿಗೆ ಹಾಕಿಕೊಂಡಿತು.

ಪಿಶಾಚಿಗೆ ಜೇಬಿತ್ತು! ಮೂವತ್ತು ವರ್ಷದಲ್ಲಿ ಜೇಬಿಲ್ಲದ ಪ್ಯಾಂಟು ಆ ಅಂಗಡಿಯಿಂದ ಹೊರಬಿದ್ದದ್ದೇ ಇಲ್ಲ. ಯೋಚನೆಯನ್ನೇ ಮಾಡದೆ ಕಾಲಿಂಚುವಿನ ಕೈ ತನ್ನ ಪಾಡಿಗೆ ತಾನು ಇಟ್ಟುಬಿಟ್ಟಿತ್ತು. ಡ್ರೈವರನ ಕೈಯೂ ಯೋಚನೆ ಮಾಡದೆ ಅದರೊಳಗೆ ಹೋಗಿತ್ತು. ಆ ದೃಶ್ಯವನ್ನು ಇನ್ನೊಂದು ಸಲ ತೆಗೆಯುವಷ್ಟು ಪುರಸೊತ್ತು ಭಾಮೈದನಿಗೆ ಎಲ್ಲಿತ್ತು?

ಮೊದಲು ಕಾಲಿಂಚು ನೋಡಿದ್ದು ಜೇಬಿನ ಬಾಯಿ ನೆಟ್ಟಗಿದೆಯೇ ಎಂದು. ನೆಟ್ಟಗಿತ್ತು. ಆಮೇಲೆ ನಗು ಕೇಳಿಸಿತು. ಇಡೀ ಥಿಯೇಟರು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು, ಯಾರೋ ಸೀಟಿನ ಮೇಲೆ ಹತ್ತಿ ಶಿಳ್ಳೆ ಹೊಡೆದರು. ಪಕ್ಕದಲ್ಲಿ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಅವನಿಗೆ ನೆಲ ಬಾಯಿಬಿಡಬಾರದೇ ಅನಿಸಿತು.

ಮನೆಗೆ ಬಂದ ಮೇಲೆ ಅವಳು ಸಮಾಧಾನ ಹೇಳಲು ನೋಡಿದಳು. "ನಿಮ್ಮನ್ನ ನೋಡಿ ನಕ್ಕಿದ್ದಲ್ಲ ರೀ. ಅದು ಅಷ್ಟು ನೀಟಾಗಿ ನಿಂತಿತ್ತಲ್ಲ, ಯಾಕೋ ಮುದ್ದು ಬಂತು."

"ಮುದ್ದಂತೆ! ನನ್ನ ಮಾನ ಹೋಯ್ತು ಕಣೇ. ಕಾಲಿಂಚು ತಪ್ಪಿದ ಅಂತ ನಾಳೆ ಊರೆಲ್ಲ ಆಡ್ಕೊಳ್ಳುತ್ತೆ."

ಆಡಿಕೊಂಡಿತು ಕೂಡ. ಬ್ಯಾಂಕ್ ಮ್ಯಾನೇಜರೇ ಹಲ್ಲು ಕಿರಿಯುತ್ತಾ "ನನಗೂ ಪಿಶಾಚಿ ಜೇಬೇ ಇಡಪ್ಪಾ" ಎಂದ. ಸಿನಿಮಾ ವಾರಗಟ್ಟಲೆ ಓಡಿತು. ಜನ ಜೇಬಿನ ದೃಶ್ಯಕ್ಕೆ ಸರಿಯಾಗಿ ಬಂದು, ತಾವೂ ಎಡಗೈ ಜೇಬಿಗೆ ಹಾಕಿಕೊಂಡು ಎದ್ದು ನಿಲ್ಲುತ್ತಿದ್ದರಂತೆ. ತಲೆಯಲ್ಲಿ ಬುದ್ಧಿಯಿಲ್ಲದ ಜನ, ಕೈಯಲ್ಲಿ ಕೆಲಸವಿಲ್ಲದ ಜನ ಎಂದು ಅವನು ಮಷೀನು ತುಳಿಯುತ್ತಾ ಬೈದ. ಆದರೆ ಗಿರಾಕಿ ಹೊರಗೆ ಹೋಗಿ ನಕ್ಕರೆ, ಅದು ತನ್ನ ಹೊಲಿಗೆಗೇ ಇರಬೇಕೆಂದು ಕಿವಿ ನಿಮಿರುತ್ತಿತ್ತು. ಮೂವತ್ತು ವರ್ಷ ಕಟ್ಟಿಕೊಂಡ ಹೆಸರು ಒಂದು ಜೇಬಿನಲ್ಲಿ ಹೋಯಿತೆಂಬ ಸಂಕಟ ಅವನನ್ನು ನಿಜಕ್ಕೂ ಹಿಂಡುತ್ತಿತ್ತು.

ಆರು ತಿಂಗಳಿಗೆ ಭಾಮೈದ ಮತ್ತೆ ಪ್ರತ್ಯಕ್ಷನಾದ.

"ಎರಡನೇ ಭಾಗ ಭಾವ! ಈ ಸಲ ಎರಡು ಜೇಬು. ಹೊಲಿಗೆ ಸೊಟ್ಟಗಿರಲಿ, ದಾರ ನೇತಾಡಲಿ, ಬೆನ್ನಲ್ಲಿ ಜಿಪ್ಪು ಕಾಣಲಿ. ಜನಕ್ಕೆ ಅದೇ ಬೇಕು."

ಕಾಲಿಂಚು ಅವನನ್ನು ಮೇಲಿಂದ ಕೆಳಗೆ ನೋಡಿದ. ಸರಿ, ಕಸ ಬೇಕಾದವರಿಗೆ ಕಸವೇ ಬೀಳಲಿ ಎಂಬ ಹಟ ಹುಟ್ಟಿತು.

"ಹೊಲೀತೀನಿ. ಆದ್ರೆ ಪರದೆ ಮೇಲೆ ನನ್ನ ಹೆಸರು ಬರಕೂಡದು. ಹೊಲಿದವನು ಬೇರೆ ಅಂತ ಜನಕ್ಕೆ ಗೊತ್ತಾಗಬೇಕು."

"ಅಷ್ಟೇ ತಾನೆ! ಯಾರದೋ ಹೆಸರು ಹಾಕಿದ್ರಾಯ್ತು."

ಸೊಟ್ಟಗೆ ಹೊಲಿಯುವುದು ಅಷ್ಟು ಸುಲಭವಾಗಿರಲಿಲ್ಲ. ಕೈ ಮೂರು ಸಲ ನೆಟ್ಟಗೇ ಹೋಯಿತು. ನಾಲ್ಕನೇ ಸಲ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಮಷೀನು ತುಳಿದ. ಹಿಂದೆ ಬಂದು ನಿಂತಿದ್ದ ಹೆಂಡತಿ ಕೇಳಿದಳು:

"ಇದೇನ್ರೀ ಈ ಅವತಾರ? ನಿಮ್ಮ ಕೈಯಿಂದಾನೇ ಇದು?"

"ನಿನ್ನ ತಮ್ಮನಿಗೆ ಬೇಕಾಗಿರೋದು ಇದೇ. ನೀನೂ ನಗುವೆಯಂತೆ ಬಾ."

ಅವಳು ಬರಲಿಲ್ಲ. ಎರಡನೇ ಭಾಗದ ಮೊದಲ ಮ್ಯಾಟಿನಿಗೆ ಅವನೊಬ್ಬನೇ ಹೋಗಿ ಹಿಂದಿನ ಸಾಲಿನಲ್ಲಿ ಕೂತ. ಈ ಸಲ ನಗುವವರು ನಗಲಿ, ತನಗೇನೂ ತಟ್ಟುವುದಿಲ್ಲ ಎಂಬ ಧೈರ್ಯವಿತ್ತು. ಥಿಯೇಟರು ತುಂಬಿತ್ತು. ಪಿಶಾಚಿ ಕೊಳದಿಂದ ಎದ್ದಿತು, ದಾರ ನೇತಾಡಿತು, ಜಿಪ್ಪು ಫಳಫಳ ಹೊಳೆಯಿತು. ಮರದ ಹಿಂದೆ ನಿಂತು ಎರಡೂ ಕೈ ಜೇಬಿಗೆ ಹಾಕಿ, ಒಂದರಿಂದ ಬಾಚಣಿಗೆ ತೆಗೆದು ಪಾಚಿ ಬಾಚಿಕೊಂಡಿತು. ಮುಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಒಬ್ಬೊಬ್ಬರೇ ಎದ್ದು ಬಾಗಿಲ ಕಡೆ ನಡೆದರು. ನಗುವಿಗೆ ಕಿವಿ ಕೊಟ್ಟು ಕೂತಿದ್ದ ಕಾಲಿಂಚುವಿಗೆ ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ.

ಪಕ್ಕದ ಸೀಟಿನಲ್ಲಿದ್ದ ದಪ್ಪ ಕನ್ನಡಕದವನು ಲೊಚಗುಟ್ಟಿದ.

"ದರಿದ್ರ ಕೆಲಸ. ನೀವು ಮೊದಲನೇ ಭಾಗ ನೋಡಿದ್ರಾ ಸ್ವಾಮಿ? ನಾನು ಒಂಬತ್ತು ಸಲ ನೋಡಿದ್ದೀನಿ."

"ನೋಡಿದ್ದೀನಿ."

"ಆ ಟೈಲರ್ ಕಸುಬುದಾರ ನೋಡಿ. ಪಿಶಾಚಿನೂ ಒಬ್ಬ ಗಿರಾಕಿ ಅಂದ್ಕೊಂಡು ಮನಸ್ಸಿಟ್ಟು ಹೊಲಿದಿದ್ದ. ಆ ಜೇಬು ಎಷ್ಟು ನೆಟ್ಟಗಿತ್ತು! ಇವನ್ಯಾವನೋ ನಮ್ಮನ್ನ ದಡ್ಡರು ಅಂದ್ಕೊಂಡಿದ್ದಾನೆ. ಆ ಹಳಬನನ್ನ ಯಾಕೆ ಬಿಟ್ರೋ?"

ಅದು ನಾನೇ ಎನ್ನಲು ಕಾಲಿಂಚುವಿನ ಬಾಯಿ ತೆರೆದುಕೊಂಡಿತು. ಪರದೆಯ ಮೇಲೆ ಪಿಶಾಚಿ ಬೆನ್ನು ತಿರುಗಿಸಿತು. ಗೋಡೆಯ ಕಡೆ ಮುಖ ಮಾಡಿ ಹಾಕಿದ ಆ ಹೊಲಿಗೆ ಹಾವಿನ ಹಾಗೆ ಸೊಟ್ಟಗೆ ಹರಿದಿತ್ತು.

"ಅವನು ತೀರಿಕೊಂಡನಂತೆ" ಎಂದ ಕಾಲಿಂಚು.

"ಅಯ್ಯೋ ಪಾಪ" ಎಂದ ಕನ್ನಡಕದವನು. "ಒಳ್ಳೇ ಕೆಲಸಗಾರ."